ತುಲ್ಲಿಯಾ ಎಂಬ ಮನುಷ್ಯಳು

ಕೇಳುಗರಿಗೆ ನಮಸ್ಕಾರ. ಲ್ಯಾಟಿನ್ ಕಲಿಯಲು ಹೊರಟ ಕನ್ನಡಿಗರು ಮೊದಲು ಎಡವುವುದು ಲಿಂಗದ ವಿಷಯದಲ್ಲಿ. ನಾವು ದೇಹದ ಹೆಣ್ಣು-ಗಂಡುಗಳಿಗೂ ವ್ಯಾಕರಣದ ಪುಲ್ಲಿಂಗ-ಸ್ತ್ರೀಲಿಂಗಗಳಿಗೂ ‘ಲಿಂಗ’ ಎಂಬ ಒಂದೇ ಪದವನ್ನು ಬಳಸುತ್ತೇವೆ. ರೋಮನರಲ್ಲಿ ಎರಡು ಪದಗಳಿದ್ದವು: ದೇಹಕ್ಕೆ ಸೆಕ್ಸುಸ್, ಪದಕ್ಕೆ ಗೆನುಸ್. ಗೆನುಸ್ ಎಂದರೆ ಬಗೆ, ಕುಲ. ಪದದ ಕುಲವೇ ಬೇರೆ, ಮನುಷ್ಯರ ದೇಹವೇ ಬೇರೆ. ದಯವಿಟ್ಟು ಇದೊಂದನ್ನು ಮರೆಯಬೇಡಿ.

ದೇಹವನ್ನು ಹೇಳಲು ಮಾಸ್, ಫೇಮಿನಾ ಎನ್ನುತ್ತಿದ್ದರು. ಗಂಡು, ಹೆಣ್ಣು ಎಂಬ ನಮ್ಮ ಪದಗಳಂತೆ ಇವು ಪ್ರಾಣಿಗಳಿಗೂ ಸಲ್ಲುತ್ತವೆ. ಬೆಳೆದ ಗಂಡಸು ವಿರ್, ಬೆಳೆದ ಹೆಂಗಸು ಮುಲಿಯೆರ್. ಇವರೆಲ್ಲರನ್ನೂ ಒಳಗೊಳ್ಳುವ ಪದ ಹೊಮೋ, ಅಂದರೆ ಮನುಷ್ಯ. ಇದನ್ನು ‘ಗಂಡಸು’ ಎಂದೇ ಅನುವಾದಿಸುವವರನ್ನು ಕಂಡಾಗ ನನಗೆ ಒಂದು ಪತ್ರವನ್ನು ತೆರೆದು ತೋರಿಸಬೇಕೆನಿಸುತ್ತದೆ.

ಕ್ರಿ.ಪೂ. 45ರಲ್ಲಿ ರೋಮಿನ ಹೆಸರಾಂತ ವಾಗ್ಮಿ ಸಿಸೆರೋನ ಪ್ರೀತಿಯ ಮಗಳು ತುಲ್ಲಿಯಾ ಹೆರಿಗೆಯಾದ ಕೆಲವೇ ವಾರಗಳಲ್ಲಿ ತೀರಿಕೊಂಡಳು. ಗ್ರೀಸಿನಲ್ಲಿ ಅಧಿಕಾರದಲ್ಲಿದ್ದ ಗೆಳೆಯ ಸೆರ್ವಿಯುಸ್ ಸುಲ್ಪಿಕಿಯುಸ್ ಅವನಿಗೆ ಸಾಂತ್ವನದ ಪತ್ರ ಬರೆದ. ತಾನು ಏಗಿನಾದಿಂದ ಮೆಗರಾದತ್ತ ಹಡಗಿನಲ್ಲಿ ಸಾಗುತ್ತಿದ್ದಾಗ ಹಿಂದೆ ಏಗಿನಾ, ಮುಂದೆ ಮೆಗರಾ, ಬಲಕ್ಕೆ ಪಿರೇಯುಸ್, ಎಡಕ್ಕೆ ಕೊರಿಂಥ್, ಒಂದು ಕಾಲದಲ್ಲಿ ಮೆರೆದ ಪಟ್ಟಣಗಳೆಲ್ಲ ಹಾಳುಬಿದ್ದಿರುವುದನ್ನು ಕಂಡೆನೆಂದೂ, ಊರುಗಳ ಶವಗಳೇ ಹೀಗೆ ಬಿದ್ದಿರುವಾಗ ಅಲ್ಪಾಯುಗಳಾದ ನಾವು ಒಬ್ಬರ ಸಾವಿಗೆ ಕುದಿಯುವುದು ಸರಿಯೇ ಎಂದು ತನ್ನನ್ನೇ ಕೇಳಿಕೊಂಡೆನೆಂದೂ ಅದರಲ್ಲಿ ಹೇಳುತ್ತಾನೆ. ಆಮೇಲೆ ತುಲ್ಲಿಯಾಳ ಮಾತಿಗೆ ಬರುತ್ತಾನೆ: ಈಗ ಅಲ್ಲದಿದ್ದರೆ ಕೆಲವು ವರ್ಷಗಳ ಅನಂತರವಾದರೂ ಅವಳು ಸಾಯಲೇಬೇಕಿತ್ತು, ಏಕೆಂದರೆ ಅವಳು ‘ಹೊಮೋ ನಾತಾ’, ಮನುಷ್ಯಳಾಗಿ ಹುಟ್ಟಿದವಳು. ಹೊಮೋ ಪಕ್ಕದಲ್ಲಿರುವ ನಾತಾ ಸ್ತ್ರೀಲಿಂಗ ರೂಪ ಎಂಬುದನ್ನು ಗಮನಿಸಿ. ಮಗಳನ್ನು ಕಳೆದುಕೊಂಡ ತಂದೆಗೆ ಬರೆದ ಈ ಸಾಲಿನಲ್ಲಿ ಹೊಮೋ ಎಂದರೆ ಗಂಡಸು ಎನ್ನಲು ಸಾಧ್ಯವೇ?

ಉಳಿದಿರುವ ಹೊತ್ತು ಕಡಿಮೆ. ವಿರ್ ಪದದಿಂದ ಹುಟ್ಟಿದ, ಗಂಡಸುತನವನ್ನೂ ಶೌರ್ಯವನ್ನೂ ಸೂಚಿಸುವ ವಿರ್ತೂಸ್ ತಾನೇ ಸ್ತ್ರೀಲಿಂಗ. ಓಕ್ ಮರದ ಹೆಸರಾದ ಕ್ವೆರ್ಕುಸ್ ಕೂಡ ಸ್ತ್ರೀಲಿಂಗ. ಪದದ ಕುಲ ಬೇರೆ ಎಂದೆನಲ್ಲ! ಮೂರನೆಯ ಕುಲದ ಹೆಸರು ನೆಉತ್ರುಮ್, ಅಂದರೆ ‘ಎರಡರಲ್ಲಿ ಯಾವುದೂ ಅಲ್ಲ’. ಗುಲಾಮರನ್ನು ಸೂಚಿಸುವ ಮಂಕಿಪಿಯುಮ್ ಎಂಬ ಪದ ಈ ಕುಲಕ್ಕೆ ಸೇರಿದ್ದು, ಆದರೆ ಆ ಗುಲಾಮರು ಹೆಣ್ಣೋ ಗಂಡೋ ಆಗಿಯೇ ಇದ್ದರು. ‘ಮಗು ಅತ್ತಿತು’ ಎನ್ನುವ ನಮಗೆ ಇದು ತಿಳಿಯದ್ದೇನಲ್ಲ. ನಮಸ್ಕಾರ.