ಯಾವ ಕೆಲಸಕ್ಕೆ ಯಾವ ಟೀಮ್?

[ದೃಶ್ಯ: ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ. ಹೊರಗೆ ಜಡಿಮಳೆ, ಫೌಂಡ್ರಿ ಶೆಡ್ಡಿನೊಳಗೆ ರಿಜೆಕ್ಟ್ ಆದ ಕಾಸ್ಟಿಂಗ್‌ಗಳ ರಾಶಿ]

ನಮಸ್ಕಾರ. ಈ ಕಾಸ್ಟಿಂಗ್ ನೋಡಿ, ಅಂದ್ರೆ ಕರಗಿದ ಲೋಹವನ್ನ ಮರಳಿನ ಅಚ್ಚಿಗೆ ಹುಯ್ದು ಮಾಡಿದ ಭಾಗ. ಮೈತುಂಬ ತೂತು. ಇದು ಬ್ಲೋ ಹೋಲ್. ಲೋಹ ಕರಗಿಸೋ ಮೆಲ್ಟಿಂಗ್‌ನವರನ್ನ ಕೇಳಿದ್ರೆ ‘ಮರಳಲ್ಲಿ ತೇವ ಜಾಸ್ತಿ’ ಅಂತಾರೆ. ಅಚ್ಚು ಮಾಡೋ ಮೋಲ್ಡಿಂಗ್‌ನವರು ‘ಲೋಹ ಆರಿದ ಮೇಲೆ ಹುಯ್ದಿದ್ದಾರೆ’ ಅಂತಾರೆ. ಎರಡೂ ಕಾರಣ ಆಗಬಹುದು. ಕೈ ಕೆಲಸದಲ್ಲಿ ಇಬ್ಬರೂ ಪಳಗಿದವರೇ.

ಒಂದೇ ಕಸುಬಿನವರು ಒಬ್ಬ ಮುಖ್ಯಸ್ಥರ ಕೆಳಗಿರೋದು ವಿಭಾಗದ ಟೀಮ್. ಹೊಸಬರು ಬೇಗ ಕಲೀತಾರೆ, ಉಪಕರಣ ಹಂಚಿಕೊಳ್ಳಬಹುದು. ದಿನನಿತ್ಯದ ಕೆಲಸಕ್ಕೆ ಇಷ್ಟು ಸಾಕು. ಆದರೆ ಎರಡು ವಿಭಾಗದ ನಡುವೆ ಹುಟ್ಟಿದ ಸಮಸ್ಯೆಗೆ ಇಲ್ಲಿ ವಾರಸುದಾರರೇ ಇರಲ್ಲ.

[ದೃಶ್ಯ: ರಾಶಿ ಸುತ್ತ ನಿಂತ ಐದು ಜನ]

ಅಲ್ಲಿಗೆ ಬೇಕಾದ್ದು ಮಿಶ್ರ ಟೀಮ್: ಮರಳು, ಮೋಲ್ಡಿಂಗ್, ಮೆಲ್ಟಿಂಗ್, ಕ್ವಾಲಿಟಿ, ಮೆಂಟೆನೆನ್ಸ್, ತಲಾ ಒಬ್ಬರು. ದಿನಾ ಅರ್ಧ ಗಂಟೆ, ಮೀಟಿಂಗ್ ರೂಮಿನಲ್ಲಿ ಬೇಡ, ಈ ರಾಶಿ ಹತ್ತಿರವೇ ನಿಂತು ಮಾತಾಡಲಿ. ಪ್ರತಿ ಹೀಟ್‌ಗೂ, ಅಂದ್ರೆ ಒಂದು ಸಲ ಲೋಹ ಕರಗಿಸಿದಾಗಲೆಲ್ಲ, ನಾಲ್ಕು ವಿಷಯ ಬರೆದಿಡಿ: ಮರಳಿನ ತೇವಾಂಶ, ಹುಯ್ದ ಉಷ್ಣಾಂಶ, ಹುಯ್ದ ಸಮಯ, ಕೆಟ್ಟ ಕಾಸ್ಟಿಂಗ್ ಎಷ್ಟು. ಕರಗಿಸೋಕೆ ಹಾಕಿದ ಸ್ಕ್ರ್ಯಾಪ್ ಒದ್ದೆ ಇತ್ತಾ, ಲೋಹ ಹುಯ್ಯೋ ಪಾತ್ರೆ ಲ್ಯಾಡಲ್ ಸರಿಯಾಗಿ ಕಾದಿತ್ತಾ ಅನ್ನೋದನ್ನೂ ಗುರುತು ಹಾಕಿ. ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ಎರಡು ವಾರದ ಹಾಳೆ ಪಕ್ಕಪಕ್ಕ ಇಟ್ಟು ನೋಡಿದ್ರೆ ಜಗಳದ ಜಾಗದಲ್ಲಿ ಲೆಕ್ಕ ಇರುತ್ತೆ.

ಇಂಥ ಟೀಮ್ ಕೆಡೋದು ಹೆಚ್ಚಾಗಿ ಒಂದೇ ಕಾರಣಕ್ಕೆ: ‘ಪ್ರೊಡಕ್ಷನ್ ಇದೆ, ಇವತ್ತು ಕಳಿಸಕ್ಕಾಗಲ್ಲ’ ಅಂತ ವಿಭಾಗದವರು ಆಳನ್ನೇ ಬಿಡಲ್ಲ. ಆ ಅರ್ಧ ಗಂಟೆಯನ್ನ ಮ್ಯಾನೇಜರ್ ಮೊದಲೇ ಬರೆದು ಕೊಡಬೇಕು.

ಜನ ಸೇರಿಸೋಕೂ ಮಿತಿ ಇದೆ. ಐದು ಜನರ ನಡುವೆ 10 ಜೋಡಿ ಮಾತುಕತೆ, ಹತ್ತು ಜನರಾದ್ರೆ 45, ಹದಿನೈದಕ್ಕೆ 105.

[ದೃಶ್ಯ: ಕಂಟ್ರೋಲ್ ರೂಮ್, ಗೋಡೆ ಗಡಿಯಾರ]

ಶರಾವತಿ ವಿದ್ಯುದಾಗಾರದಂಥ, ಹಗಲು ರಾತ್ರಿ ನಡೆಯೋ ಕಡೆ ಶಿಫ್ಟ್ ಟೀಮ್. ವಾರಕ್ಕೆ 168 ಗಂಟೆ. ಒಬ್ಬರಿಗೆ 48 ಗಂಟೆ ಅಂದ್ರೆ ಮೂರು ಟೀಮಿಗೆ 144 ಆಯ್ತು. ಉಳಿದ 24ಕ್ಕೆ ಓವರ್‌ಟೈಮ್ ಹಚ್ಚೋ ಬದಲು ನಾಲ್ಕನೇ ಟೀಮ್ ಇಡಿ. ಶಿಫ್ಟ್ ಬದಲಾಗುವಾಗ ಹತ್ತು ಹದಿನೈದು ನಿಮಿಷ ಇಬ್ಬರೂ ಇರಲಿ. ಅರ್ಧಕ್ಕೆ ನಿಂತ ರಿಪೇರಿ ಲಾಗ್ ಬುಕ್ಕಿಗೆ ಬಾರದೇ ಹೋದ್ರೆ ಮುಂದಿನವರು ಅದೇ ಸ್ವಿಚ್ ಹಾಕಿಬಿಡ್ತಾರೆ.

[ದೃಶ್ಯ: ತೀರ್ಥಹಳ್ಳಿ ಕಡೆಯ ಅಡಿಕೆ ತೋಟ]

ಮೇಸ್ತ್ರಿ ಬೇಡದ ಟೀಮೂ ಇದೆ. ಅಡಿಕೆ ಕೊನೆ (ಗೊನೆ) ಕೊಯ್ಲಿನ ಗುಂಪಿನಲ್ಲಿ ಯಾರು ಮರ ಹತ್ತಬೇಕು, ಯಾರು ಕೆಳಗೆ ಹಗ್ಗ ಹಿಡೀಬೇಕು ಅಂತ ಅವರೇ ತೀರ್ಮಾನಿಸ್ತಾರೆ. ಉಸ್ತುವಾರಿ ಖರ್ಚು ಉಳಿಯುತ್ತೆ. ಆದರೆ ಕೊನೆ ಎಣಿಸಿ ದುಡ್ಡು ಕೊಟ್ರೆ ಎಳೇದು, ಬಲಿತದ್ದು ಎಲ್ಲ ಒಟ್ಟಿಗೆ ಬೀಳುತ್ತೆ, ಅಂಗಳದಲ್ಲಿ ಆರಿಸೋ ಕೆಲಸ ಮನೆಯವರ ತಲೆಗೆ. ಯಾವ ಹದದ್ದು ಕೊಯ್ಯಬೇಕು ಅನ್ನೋದನ್ನ ಮೊದಲೇ ಮಾತಾಡಿಕೊಳ್ಳಿ.

ಫೌಂಡ್ರಿಯ ಮಿಶ್ರ ಟೀಮ್ ಮಾತ್ರ ಶಾಶ್ವತವಾಗಿ ಇರಬಾರದು. ರಿಜೆಕ್ಷನ್ ಇಳಿದು ಒಂದು ತಿಂಗಳು ಹಾಗೇ ನಿಂತರೆ, ತೇವಾಂಶದ ಹಾಳೆಯನ್ನ ಮೋಲ್ಡಿಂಗ್ ವಿಭಾಗದ ಒಬ್ಬರ ಹೆಸರಿಗೆ ಬರೆದು ಟೀಮ್ ಮುಚ್ಚಿ.