ಹನ್ನೆರಡು ಮಕ್ಕಳಿದ್ದರೂ ಅದು ಶಾಲೆಯೇ

ಎಲ್ಲರಿಗೂ ನಮಸ್ಕಾರ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಹತ್ತು-ಹನ್ನೆರಡಕ್ಕೆ ಇಳಿದರೆ ಸಾಕು, ಪಕ್ಕದೂರಿನ ಶಾಲೆಗೆ ವಿಲೀನ ಮಾಡುವ ಮಾತು ಶುರುವಾಗುತ್ತದೆ. ನಾನಂತೂ ಇದನ್ನು ಒಪ್ಪುವುದಿಲ್ಲ.

'ಬೇರೆ ಬೇರೆ ತರಗತಿಯ ಮಕ್ಕಳಿಗೆ ಒಂದೇ ಕೋಣೆಯಲ್ಲಿ ಪಾಠ ಹೇಗೆ ಮಾಡೋದು?' ಅಂತ ಕೇಳುತ್ತಾರೆ. ಇದಕ್ಕೆ ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಮೇಷ್ಟ್ರುಗಳು 1995ರಲ್ಲೇ ದಾರಿ ಹುಡುಕಿದ್ದರು. ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಕಟ್ಟಿದ್ದೇ ನಲಿ-ಕಲಿ ಎಂಬ ಕಲಿಕಾ ಪದ್ಧತಿ.

ಅದು ನಡೆಯುವುದು ಹೀಗೆ. ಮಗು ಗೋಡೆಯ ಮೇಲಿನ ಕಲಿಕಾ ಏಣಿ, ಅಂದರೆ ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಟ, ನೋಡುತ್ತದೆ. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಚಿತ್ರ ನೋಡಿ ಗುರುತಿಸುತ್ತದೆ. ಅದೇ ಚಿತ್ರದ ಕಾರ್ಡ್ ತೆಗೆದುಕೊಂಡು ತನ್ನ ಗುಂಪಿನಲ್ಲಿ ಕೂರುತ್ತದೆ. ಕೈಗೆಟುಕುವ ಎತ್ತರದಲ್ಲೇ ಕಪ್ಪುಹಲಗೆ, ಅದರ ಮೇಲೆ ಬರೆಯುತ್ತದೆ. ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಿಂದ ಎಷ್ಟೋ ಕುಟುಂಬಗಳು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುತ್ತವೆ, ಅವರ ಜೊತೆ ಮಕ್ಕಳೂ. ವಾಪಸ್ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಸಣ್ಣ ಶಾಲೆಗೆ ಇದಕ್ಕಿಂತ ಒಳ್ಳೆಯ ಉಪಾಯ ಬೇಕಾ? 2009-10ರಲ್ಲಿ ಇದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೂ ಬಂತು.

ಆದರೆ ನಲಿ-ಕಲಿಗೆ ಮೇಷ್ಟ್ರು ಕೋಣೆಯೊಳಗೆ ಇರಬೇಕು, ಅಲ್ವಾ? ಏಕೋಪಾಧ್ಯಾಯ ಶಾಲೆಯಲ್ಲಿ ಅವರೇ ಬೆಳಿಗ್ಗೆ ಹಾಲಿನ ಲೆಕ್ಕ ಬರೆಯಬೇಕು, ಬಿಸಿಯೂಟದ ಅಕ್ಕಿ ಬೇಳೆ ನೋಡಬೇಕು, ಆನ್‌ಲೈನ್‌ನಲ್ಲಿ ಮಾಹಿತಿ ತುಂಬಬೇಕು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಮೀಟಿಂಗ್ ಇದ್ದರೆ ಆ ದಿನದ ಪಾಠ ಅಲ್ಲಿಗೆ ಮುಗಿಯಿತು. ಇದನ್ನು ನೋಡಿದ ಅಪ್ಪ-ಅಮ್ಮ ಸಾಲ ಮಾಡಿಯಾದರೂ ಮಗುವನ್ನು ಕಾನ್ವೆಂಟ್ ವ್ಯಾನ್ ಹತ್ತಿಸುತ್ತಾರೆ. ಅವರನ್ನು ಬೈದು ಏನೂ ಪ್ರಯೋಜನವಿಲ್ಲ. ಇಂಗ್ಲಿಷ್ ಆಸೆಯೂ ಇದೆ, ಒಪ್ಪುತ್ತೇನೆ. ಆದರೆ ಮೊದಲು ಮೇಷ್ಟ್ರನ್ನು ಕೊಡದೆ, ಆಮೇಲೆ ಮಕ್ಕಳು ಕಡಿಮೆಯಾದರು ಅಂತ ಬೀಗ ಹಾಕುವುದು ಯಾವ ನ್ಯಾಯ?

ಶಿಕ್ಷಣ ಹಕ್ಕು ಕಾಯ್ದೆ, 2009, ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕಿರಿಯ ಪ್ರಾಥಮಿಕ ಹಂತದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 'ವರೆಗೆ' ಅಂದರೆ ಹನ್ನೆರಡು ಮಕ್ಕಳಿದ್ದರೂ ಇಬ್ಬರು.

ಒಂದೇ ಕಡೆ ಎಲ್ಲ ತರಗತಿಗಳಿರುವ ದೊಡ್ಡ ಸರ್ಕಾರಿ ಶಾಲೆಗಳು, ಅಂದರೆ ಕರ್ನಾಟಕ ಪಬ್ಲಿಕ್ ಶಾಲೆಗಳ ಬಗ್ಗೆ ನನಗೆ ವಿರೋಧವಿಲ್ಲ. ಪ್ರಯೋಗಾಲಯ, ಆಟದ ಮೈದಾನ, ವಿಷಯಕ್ಕೊಬ್ಬ ಶಿಕ್ಷಕರು ಎಲ್ಲವೂ ದೊಡ್ಡ ಮಕ್ಕಳಿಗೆ ಬೇಕೇ ಬೇಕು. ಆದರೆ ಆರು ವರ್ಷದ ಮಗುವಿಗೆ ಮನೆಯ ಹತ್ತಿರದ ಶಾಲೆ ಬೇಕು. ಬಸ್ಸೇ ಬರದ ಊರಿನಿಂದ ಅದು ಜೂನ್-ಜುಲೈ ಮಳೆಯಲ್ಲಿ ಹಳ್ಳ ದಾಟಿ ಹೋಗುವುದಿಲ್ಲ, ಸುಮ್ನೆ ಮನೆಯಲ್ಲೇ ಉಳಿಯುತ್ತದೆ. ಹೆಣ್ಣುಮಗುವಾದರೆ ಇನ್ನೂ ಜಾಸ್ತಿ.

ಇಲಾಖೆಗೆ ನನ್ನ ಕೋರಿಕೆ ಇಷ್ಟೇ. ವಿಲೀನದ ಮಾತು ಎತ್ತುವ ಮೊದಲು ಆ ಶಾಲೆಗೆ ಇಬ್ಬರು ಖಾಯಂ ಶಿಕ್ಷಕರನ್ನು ಕೊಟ್ಟು ಎರಡು ವರ್ಷ ನೋಡಿ. ಇನ್ನು ಊರಿನಲ್ಲಿರುವ ನೀವು ಮುಂದಿನ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಗೆ ತಪ್ಪದೆ ಹೋಗಿ. ನಮ್ಮ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವಾಗಿನಿಂದ ಖಾಲಿ ಇದೆ ಅಂತ ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಎಲ್ಲರೂ ಸಹಿ ಹಾಕಿ.