ತುಟಿಗೆ ಫಿಲ್ಲರ್, ಬೆರಳಲ್ಲಿ ಸಿಗರೇಟು

ಎಲ್ಲರಿಗೂ ನಮಸ್ಕಾರ. ಇವತ್ತು ಮೇ 31, ವಿಶ್ವ ತಂಬಾಕು ರಹಿತ ದಿನ. ಕರೆದವರು ಕ್ಯಾನ್ಸರ್ ಬಗ್ಗೆ ಮಾತಾಡಿ ಅಂದರು. ಪ್ಯಾಕಿನ ಮೇಲಿನ ಆ ಚಿತ್ರ ನೋಡಿ ನೋಡಿ ಸೇದುವವರಿಗೆ ಅಭ್ಯಾಸವಾಗಿದೆ. ನಾನು ಚರ್ಮದ ಡಾಕ್ಟರ್, ತುಟಿಯ ಬಗ್ಗೆ ಹೇಳುತ್ತೇನೆ. ತುಟಿ ತುಂಬಿಕೊಂಡು ಕಾಣಲು ಸೂಜಿಯಲ್ಲಿ ಹಾಕುವ ಜೆಲ್ ಇದೆಯಲ್ಲ, ಫಿಲ್ಲರ್, ಅದರ ಬಗ್ಗೆ.

ತುಮಕೂರಲ್ಲಿ ತುಟಿಗೆ ಫಿಲ್ಲರ್ ಯಾರಪ್ಪಾ ಹಾಕಿಸಿಕೊಳ್ಳುತ್ತಾರೆ ಅಂತ ಮುಂದಿನ ಸಾಲಿನ ಹಿರಿಯರು ನಗುತ್ತಿದ್ದಾರೆ. ಪಕ್ಕದಲ್ಲೇ ನಾಟಕ ಕಂಪನಿಯ ಗುಬ್ಬಿ ಇದೆ. ಮುಖಕ್ಕೆ ಬಣ್ಣ ಹಚ್ಚುವುದು ಊರಿಗೆಲ್ಲ ಕಲಿಸಿದ ಸೀಮೆ ನಮ್ಮದು. ಈಗ ಅಲಂಕಾರ ಚರ್ಮದ ಒಳಗೆ ಹೋಗಿದೆ, ಅಷ್ಟೇ. ಇಲ್ಲಿ ಪಾರ್ಲರ್ ನಡೆಸುವ ಹೆಣ್ಣುಮಕ್ಕಳನ್ನು ಕೇಳಿ, ಮದುವೆ ಸೀಸನ್ನಲ್ಲಿ ಎಷ್ಟು ಜನ ವಿಚಾರಿಸುತ್ತಾರೆ ಅಂತ.

ಒಂದು ಹುಡುಗಿಯ ಕತೆ ಹೇಳುತ್ತೇನೆ. ನನ್ನ ತಪ್ಪಿನ ಕತೆಯೂ ಹೌದು. ಅಮ್ಮನ ಜೊತೆ ಬಂದಿದ್ದಳು. ಅಮ್ಮ ಪಕ್ಕದಲ್ಲಿ ಕೂತಿರುವಾಗಲೇ ನಾನು, ಜಾಣ, ಕೇಳಿದೆ: "ಸಿಗರೇಟ್ ಏನಾದರೂ ಸೇದುತ್ತೀಯಾ?" ಅವಳು ಬಾಯಿ ತೆಗೆಯುವ ಮೊದಲೇ ಅಮ್ಮ, "ಅಯ್ಯೋ ಡಾಕ್ಟ್ರೇ, ಅವಳಿಗೆ ಕಾಫಿನೂ ಅಭ್ಯಾಸ ಇಲ್ಲ!" ಸರಿ, ಬರೆದುಕೊಂಡೆ. ಸೂಜಿ ಹಾಕಿ ಕಳಿಸಿದೆ. ಬಿಸಿ ಕುಡಿಯಬೇಡ, ಸ್ಟ್ರಾ ಬೇಡ, ತುಟಿ ಒತ್ತಬೇಡ, ಒಂದು ದಿನ ಲಿಪ್‌ಸ್ಟಿಕ್ ಬೇಡ ಅಂದೆ. ಹೊಗೆಯ ಮಾತೇ ಎತ್ತಲಿಲ್ಲ. ಯಾಕೆ ಎತ್ತಬೇಕು, ಸೇದಲ್ಲವಲ್ಲ!

ಊತ ಮೊದಲೆರಡು ದಿನ ಜಾಸ್ತಿ ಇರುತ್ತದೆ, ಆಮೇಲೆ ಇಳಿಯಬೇಕು. ನಾಲ್ಕನೇ ದಿನ ಒಬ್ಬಳೇ ಬಂದಳು. ಊತ ಹಾಗೇ ಇತ್ತು, ಒಂದು ಸೂಜಿಗಾಯ ಕೆಂಪಾಗಿತ್ತು. ಬಿಡಿಸಿ ಕೇಳಿದರೆ, ಅದೇ ಸಂಜೆಯಿಂದ ತಾರಸಿ ಮೇಲೆ, ನೀರಿನ ಟ್ಯಾಂಕ್ ಹಿಂದೆ, ದಿನಕ್ಕೆ ನಾಲ್ಕು. "ಆದರೆ ಟೀ ಮಾತ್ರ ಆರಿಸಿಯೇ ಕುಡಿದೆ ಸರ್, ನೀವು ಹೇಳಿದ ಹಾಗೆ" ಅಂದಳು. ಒಂದು ಕೈಯಲ್ಲಿ ಆರಿದ ಟೀ, ಇನ್ನೊಂದು ಕೈಯಲ್ಲಿ ಕೆಂಡ! ನಗಬೇಡಿ, ಪಾಪ, ನನ್ನ ಮಾತು ಅಷ್ಟು ಚಾಚೂ ತಪ್ಪದೆ ಕೇಳಿದವರು ಬೇರೆ ಯಾರೂ ಇಲ್ಲ.

ಅವತ್ತಿಂದ ಜೊತೆಗೆ ಬಂದವರನ್ನು ಹೊರಗೆ ಕಳಿಸಿಯೇ ಆ ಪ್ರಶ್ನೆ ಕೇಳುತ್ತೇನೆ. ಡಾಕ್ಟರ್ ನಿಮ್ಮ ಸೋದರಮಾವ ಅಲ್ಲ. ಹುಡುಗ ಸೇದಿದರೆ "ವಯಸ್ಸು", ಹುಡುಗಿ ಸೇದಿದರೆ "ಕಾಲ ಕೆಟ್ಟಿತು". ಹೀಗಿರುವಾಗ ಅವಳು ನಿಜ ಹೇಳುತ್ತಾಳಾ?

ಹೊಗೆ ಏನು ಮಾಡುತ್ತದೆ? ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಗಾಯ ಮಾಯಲು ಬೇಕಾದ್ದು ಸಿಗುವುದಿಲ್ಲ, ಸೋಂಕಿಗೆ ದಾರಿಯಾಗುತ್ತದೆ. ಮೇಲೆ ಬಿಸಿ. ಮೇಲೆ ತುಟಿ ಚೂಪು ಮಾಡಿ ಎಳೆಯುವುದು ಬೇರೆ. ವರ್ಷಗಟ್ಟಲೆ ಹಾಗೆ ಎಳೆದರೆ ತುಟಿ ಸುತ್ತ ಗೆರೆ ಬೀಳುತ್ತದೆ, ಆ ಗೆರೆ ತುಂಬಿಸಲು ಮತ್ತೆ ನನ್ನ ಹತ್ತಿರವೇ ಬರುತ್ತಾರೆ. ನನಗೇನೋ ವ್ಯಾಪಾರ! ವೇಪ್, ಅಂದರೆ ಇ-ಸಿಗರೇಟ್, ಆದರೆ ಪರವಾಗಿಲ್ವಾ ಅಂತ ಕೇಳುತ್ತಾರೆ. ಅದರ ಮಾರಾಟ 2019ರಲ್ಲೇ ನಿಷೇಧವಾಗಿದೆ, ನಿಕೋಟಿನ್ ಅದರಲ್ಲೂ ಇರುತ್ತದೆ. ಫಿಲ್ಲರ್ ಹಾಕಿಸಿದ ಮೇಲೆ ಕಡಿಮೆ ಅಂದರೂ 48 ಗಂಟೆ ಸೇದುವುದು ಬಿಡಿ. ನಾನು ಒಂದು ವಾರ ಕೇಳುತ್ತೇನೆ, ಚೌಕಾಸಿ ಮಾಡುತ್ತಾರೆ ಅಂತ ಗೊತ್ತು.

ಚೀಟಿ ಬಂತು. ಎರಡೇ ನಿಮಿಷ ಅಂತೆ.

ಹಾಗಾದರೆ ಮುಖ್ಯವಾದದ್ದು. ಫಿಲ್ಲರ್ ಹಾಕಿದ ಮೇಲೆ ತುಟಿ ಅಥವಾ ಸುತ್ತಲಿನ ಚರ್ಮ ಬಿಳಿಚಿಕೊಂಡರೆ, ಬಲೆಯಂತೆ ನೇರಳೆ ಗೆರೆ ಮೂಡಿದರೆ, ನೋವು ಏರುತ್ತಲೇ ಹೋದರೆ, ಬೆಳಗ್ಗೆವರೆಗೆ ಕಾಯಬೇಡಿ. ಜೆಲ್ ರಕ್ತನಾಳ ಕಟ್ಟಿರಬಹುದು. ಅದಕ್ಕೆ ಕಾರಣ ಸೂಜಿಯೇ, ಆದರೆ ರಕ್ತ ಕಮ್ಮಿಯಾದ ಜಾಗಕ್ಕೆ ಹೊಗೆ ಇನ್ನೂ ಕಮ್ಮಿ ಮಾಡುತ್ತದೆ. ಹೈಯಲುರಾನಿಕ್ ಆಸಿಡ್ ಫಿಲ್ಲರ್ ಆದರೆ ಕರಗಿಸಲು ಹೈಯಲುರಾನಿಡೇಸ್ ಇಂಜೆಕ್ಷನ್ ಇದೆ. ಪಾರ್ಲರ್‌ನವರೇ, ಅದು ನಿಮ್ಮ ಡ್ರಾಯರ್‌ನಲ್ಲಿ ಇರುವುದಿಲ್ಲ. ಸೂಜಿ ಹಿಡಿಯಬೇಡಿ. ತಂಬಾಕು ಬಿಡಬೇಕು ಅನ್ನುವವರಿಗೆ ಸಹಾಯವಾಣಿ 1800-11-2356, ಕರೆಗೆ ದುಡ್ಡಿಲ್ಲ.

ಹಿಂದೆ ಯಾರೋ ಕೈ ಎತ್ತಿದರು. ಹೇಳಿ ಅಜ್ಜಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಂಡರೆ? ಹೊಗೆ ಇಲ್ಲ, ನಿಕೋಟಿನ್ ಇದ್ದೇ ಇದೆ. ಅದು ಸರಿ, ಫಿಲ್ಲರ್ ಯಾರಿಗೆ, ನಿಮಗಾ?